ನೈರೋಬಿಗೆ ಹೋದ ಸಹಿ

ಕಂಪ್ಯೂಟರ್‌ನಲ್ಲಿ ಜನರ ಹೆಸರನ್ನು ಹೇಗೆ ದಾಖಲಿಸಬೇಕೆಂಬ ಮಾನದಂಡವನ್ನು ಉರ್ವದ ನಳಿನಾಕ್ಷಿ ನಾಲ್ಕು ವರ್ಷ ಕೂತು ಬರೆದಿದ್ದರು. ಕೀನ್ಯಾದವರು ಅದನ್ನು ಒಪ್ಪಿಕೊಳ್ಳಲು ಮುಂದೆ ಬಂದಾಗ, ಕಂಪ್ಯೂಟರ್ ತಜ್ಞರ ಸಂಘವು ವಿವರಿಸಿ ಬರಲು ತನ್ನ ಕಿರಿಯ ಸದಸ್ಯ ಅಝರ್‌ನನ್ನು ನೈರೋಬಿಗೆ ಕಳಿಸಿತು. ಅವನಿಗೆ ಮಾತು ಬರುತ್ತದೆ ಎಂಬುದು ಕಾರಣ. ವೇದಿಕೆಯ ಮೇಲೆ ನಗುತ್ತಿದ್ದ ಅವನ ಫೋಟೊವನ್ನು ನಳಿನಾಕ್ಷಿ ಆರು ಸಲ ನೋಡಿದ್ದರು. ಒಂದು ಸಲವೂ ಲೈಕ್ ಒತ್ತಿರಲಿಲ್ಲ.

ಸಂಜೆ ನಾಲ್ಕಕ್ಕೆ ಅವನದೇ ಫೋನ್ ಬಂತು.

"ನಳಿನಕ್ಕ, ನಿಮ್ಮ ಮಾನದಂಡದಲ್ಲಿ ಸರ್‌ನೇಮ್ ಯಾಕೆ ಕಡ್ಡಾಯ ಅಲ್ಲ ಅಂತ ಇಲ್ಲಿ ಒಬ್ಬರು ಪಟ್ಟು ಹಿಡಿದಿದ್ದಾರೆ. ಎಂತ ಹೇಳಲಿ?"

"ಅಷ್ಟು ದೂರ ಹೋದದ್ದು ನೀನಲ್ವಾ ಮಾರಾಯ?"

"ಬೈಬೇಡಿ ಅಕ್ಕ, ಎಲ್ಲರೂ ಕಾಯ್ತಾ ಇದ್ದಾರೆ."

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿಬಿಟ್ಟರೆ ಚಪ್ಪಾಳೆ ಅವನಿಗೆ. ಆದರೆ ಲಿಖಿತ ಆಕ್ಷೇಪ ಬಂದರೆ, ಮಾನದಂಡ ಬರೆದವರೇ ಸಹಿ ಹಾಕಿ ಉತ್ತರಿಸಬೇಕೆಂಬುದು ಸಂಘದ ಪದ್ಧತಿ.

"ಆಕ್ಷೇಪ ಬರೆದು ಕೊಡಲಿಕ್ಕೆ ಹೇಳು," ಎಂದರು. "ಉತ್ತರ ಕಳಿಸ್ತೇನೆ. ಓದುವಾಗ ಕೆಳಗಿನ ಹೆಸರನ್ನೂ ಗಟ್ಟಿಯಾಗಿ ಓದು, ಆಯ್ತಾ?"

ಆಕ್ಷೇಪ ಬಂದ ಹತ್ತು ನಿಮಿಷದಲ್ಲಿ ಉತ್ತರ ಹೊರಟಿತು. ಕೆಳಗೆ ನಳಿನಾಕ್ಷಿ ಎಂದಷ್ಟೇ ಇತ್ತು. ಅವರಿಗೆ ಸರ್‌ನೇಮ್ ಇರಲಿಲ್ಲ.