ದೊಡ್ಡವ್ವ ತುಂಬಿಸಿದ ಕೆರೆ

ಗುಂಡ್ಲುಪೇಟೆಯ ನಮ್ಮ ಅಡುಗೆಮನೆಗೆ ಹೋದ ವಾರ ಹೊಸ ಕಟ್ಟೆ ಹಾಕಿಸಿದೆವು. ಮೇಸ್ತ್ರಿ ಅಂಗಳದಲ್ಲಿ ಕುಳಿತು ಮಷಿನ್ನಿನಲ್ಲಿ ಕರಿಕಲ್ಲು ಕೊಯ್ಯುತ್ತಿದ್ದ. ನೀರು ಬಿದ್ದ ಕಲ್ಲುಪುಡಿಯ ವಾಸನೆ ಮೂಗಿಗೆ ಅಡರಿದ್ದೇ ತಡ, ಊರಲ್ಲಿ ಪಕ್ಕದ ಮನೆಯಲ್ಲಿದ್ದ ದೊಡ್ಡವ್ವ ನೆನಪಾದಳು. ಅವಳ ಸೆರಗಿನಲ್ಲಿ ಸದಾ ಇದೇ ವಾಸನೆ... ರಕ್ತಸಂಬಂಧವೇನೂ ಇಲ್ಲ. ಚಾಮರಾಜನಗರದ ಕಡೆಯ ನಮ್ಮೂರಿನಲ್ಲಿ ನಮ್ಮದಕ್ಕೂ ಅವಳದಕ್ಕೂ ಒಂದೇ ಗೋಡೆ, ಅಷ್ಟೇ.

ಊರ ಹಿಂದಿನ ಬೆಟ್ಟ ಮೊದಲು ದನಕರುಗಳದ್ದು. ಮೇಲೊಂದು ದೊಣೆ ಇತ್ತು. ಬಂಡೆಗಳ ನಡುವಿನ ಆ ಹೊಂಡದಲ್ಲಿ ಬೇಸಿಗೆಯಲ್ಲೂ ನೀರು ಬತ್ತುತ್ತಿರಲಿಲ್ಲ. ಬೆಟ್ಟದಲ್ಲಿ ಒಳ್ಳೆಯ ಕರಿಕಲ್ಲಿದೆಯೆಂದು ಗೊತ್ತಾದ ಮೇಲೆ ಕ್ವಾರಿ ಬಂತು. ಮದ್ದಿಟ್ಟು ಸಿಡಿಸಿದರು. ದೊಣೆ ಬಿರುಕು ಬಿಟ್ಟು ಬರಿದಾಯಿತು, ಅದಿದ್ದ ಜಾಗದಲ್ಲಿ ದೊಡ್ಡ ಗುಂಡಿ ಬಿತ್ತು. ಈ ಕಲ್ಲು ಹಡಗಿನಲ್ಲಿ ಜಪಾನಿಗೆ ಹೋಗುತ್ತದಂತೆ, ಅಲ್ಲಿ ಸತ್ತವರ ಸಮಾಧಿಗೆ ನಿಲ್ಲಿಸಿ ಹೆಸರು ಕೆತ್ತುತ್ತಾರಂತೆ ಎಂದು ದೊಡ್ಡವ್ವ ಬೆರಗಿನಿಂದ ಹೇಳುತ್ತಿದ್ದಳು. ಅವಳ ಗಂಡ, ನಮ್ಮ ದೊಡ್ಡಪ್ಪ, ಕ್ವಾರಿಯಲ್ಲಿ ಕಲ್ಲು ಒಡೆಯುತ್ತಿದ್ದ, ಅವಳು ಶೆಡ್ಡಿನಲ್ಲಿ ಆಳುಗಳಿಗೆ ಅಡುಗೆ ಮಾಡುತ್ತಿದ್ದಳು.

ಒಂದು ಮಧ್ಯಾಹ್ನ ಗುಂಡಿಯ ತಳದಲ್ಲಿ ಬಂಡೆ ಜಾರಿ ದೊಡ್ಡಪ್ಪನ ಮೇಲೆ ಬಿತ್ತು. ಪೊಲೀಸರು ಬರುವ ಮೊದಲೇ ಮಾಲೀಕ ಹೆಣವನ್ನು ರಸ್ತೆ ಬದಿಗೆ ಸಾಗಿಸಿ, ಲಾರಿ ಗುದ್ದಿತೆಂದು ಬರೆಸಿದ. ಕಂಡವರೆಲ್ಲ ಕೆಲಸ ಹೋದೀತೆಂದು ಬಾಯಿಗೆ ಬೀಗ ಹಾಕಿಕೊಂಡರು. ದೊಡ್ಡವ್ವ ಕೇಳಿದ್ದು ಒಂದೇ: ಹಾಲುತುಪ್ಪದ ದಿನ, ಮಣ್ಣು ಮಾಡಿದ ಜಾಗಕ್ಕೆ ಬಿಟ್ಟಂತೆ ಗಂಡ ಜೀವ ಬಿಟ್ಟ ಜಾಗಕ್ಕೂ ಒಂದು ತೊಟ್ಟು ಹಾಲು ಬಿಡಬೇಕು. ಚೊಂಬು ಹಿಡಿದು ಹೋದವಳನ್ನು ಮಾಲೀಕ ಗುಂಡಿಯ ಬಾಯಲ್ಲೇ ತಡೆದ.

“ಇಲ್ಲಿ ಯಾರೂ ಸತ್ತಿಲ್ಲ ಕಣಮ್ಮ. ಸತ್ತಿದ್ದು ರೋಡಲ್ಲಿ. ಅಲ್ಲೋಗಿ ಬುಡು.”

ಹಾಲು ಬಿಟ್ಟರೆ ಸಾವನ್ನು ಒಪ್ಪಿಕೊಂಡಂತೆ ಎಂದು ಅವನಿಗೆ ಗೊತ್ತಿತ್ತು. ಚೊಂಬು ತುಂಬಿದ ಹಾಗೇ ವಾಪಸು ಬಂತು. ಅದನ್ನು ಪಕ್ಕಕ್ಕಿಟ್ಟುಕೊಂಡು ಅವಳು ನಮ್ಮ ಜಗಲಿಯಲ್ಲಿ ಕುಳಿತಿದ್ದಳು, ಅಳಲಿಲ್ಲ... ಅವಳ ಮುಖ ಹೇಗಿತ್ತೋ, ಈಗ ಸರಿಯಾಗಿ ಕಣ್ಣಿಗೆ ಕಟ್ಟುವುದಿಲ್ಲ. ಅವನ ಮುಖ ಮಾತ್ರ ಚೆನ್ನಾಗಿ ನೆನಪಿದೆ. ನನ್ನ ಸಿಟ್ಟು ಅಂಥದ್ದು.

ಬಾಯಿ ಮುಚ್ಚಿಸಲು ಅವಳನ್ನು ಕೆಲಸದಲ್ಲೇ ಉಳಿಸಿಕೊಂಡ. ಗುಂಡಿಯ ನೀರೆತ್ತುವ ಮೋಟಾರನ್ನೂ ಅವಳ ಕೈಗೇ ಕೊಟ್ಟ, ಮೂರ್ಖ. ದೀಪಾವಳಿಗೆ ತಮಿಳುನಾಡಿನ ಆಳುಗಳೆಲ್ಲ ಊರಿಗೆ ಹೋದರು. ಕ್ರೇನು, ಕಂಪ್ರೆಸರು ತಳದಲ್ಲೇ ನಿಂತಿದ್ದವು. ಮಳೆ ಹಿಡಿಯಿತು. ದೊಡ್ಡವ್ವ ಮೋಟಾರು ಹಾಕಲಿಲ್ಲ. ಸಾಲದೆಂದು, ಬೆಟ್ಟದ ನೀರು ಗುಂಡಿಗೆ ನುಗ್ಗದಂತೆ ಕಟ್ಟಿದ್ದ ಮಣ್ಣಿನ ಒಡ್ಡನ್ನೂ ಗುದ್ದಲಿಯಿಂದ ಕಡಿದಳು. ಹಬ್ಬ ಮುಗಿಸಿ ಬಂದವರಿಗೆ ಒಂದು ಮಷಿನ್ನೂ ಕಾಣಲಿಲ್ಲ.

ಕರೆಂಟೇ ಇರಲಿಲ್ಲ ಎಂದಳಂತೆ. ನಮ್ಮ ಕಡೆ ಅದನ್ನು ಸುಳ್ಳು ಎನ್ನುವವರು ಯಾರು? ಕಡಿದ ಒಡ್ಡು ನೋಡಿ ಮಾಲೀಕನಿಗೆ ಎಲ್ಲ ಅರ್ಥವಾಯಿತು. ಆದರೆ ಪೊಲೀಸರನ್ನು ಕರೆದರೆ ಹಳೆಯ ಹೆಣದ ಸುದ್ದಿಯೂ ಏಳುತ್ತಿತ್ತು. ಕೈ ಕೈ ಹಿಸುಕಿಕೊಂಡು ಕ್ವಾರಿ ಮುಚ್ಚಿದ. ನಿಜವನ್ನು ಅವಳು ಹೇಳಿದ್ದು ನನ್ನೊಬ್ಬಳಿಗೆ.

“ಒಂದ್ ತೊಟ್ಟು ಹಾಲ್ ಬುಡಕ್ಕೆ ಬುಡ್ನಿಲ್ಲ ಅವ್ನು. ಅದ್ಕೆಯ ನೀರ್ ಬುಟ್ಬುಟ್ಟೆ ಕಣಮ್ಮಿ. ಇನ್ನು ಅವ್ನೂ ಕೆಳಕ್ಕಿಳೀನಾರ.”

ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು. ಈಗ ನೆನೆದರೂ ಆಗುತ್ತದೆ. ಬದುಕಿದ್ದಷ್ಟು ವರ್ಷವೂ ಪಿತೃಪಕ್ಷದಲ್ಲಿ ಅವಳು ಆ ನೀರಿನ ದಡದಲ್ಲಿ ನಿಂತು ಹಾಲು ಬಿಟ್ಟಳು. ತಡೆಯುವವರಿರಲಿಲ್ಲ.

ಈಗ ದೊಡ್ಡವ್ವ ಇಲ್ಲ. ಬೆಟ್ಟದ ಮೇಲಿನ ಆ ನೀಲಿ ಕೆರೆಯನ್ನು ನೋಡಲು ಊಟಿಗೆ ಹೋಗುವವರು ಕಾರು ತಿರುಗಿಸಿಕೊಂಡು ಬರುತ್ತಾರೆ. ಹೋದ ತಿಂಗಳು ನಾನೂ ಹೋಗಿದ್ದೆ. ಮಾಲೀಕನ ಮಗ ದೋಣಿ ಬಿಟ್ಟಿದ್ದಾನೆ. ಹತ್ತಲು ಹೆದರುತ್ತಿದ್ದ ಹೆಂಗಸಿಗೆ ಅವನು ನಗುತ್ತಾ, ಇಲ್ಲಿ ಇದುವರೆಗೂ ಯಾರೂ ಸತ್ತಿಲ್ಲ ಎಂದ. ಅಪ್ಪನ ಮಾತೇ ಮಗನ ಬಾಯಲ್ಲಿ. ಮೈ ಉರಿದುಹೋಯಿತು. ಪಕ್ಕಕ್ಕೆ ತಿರುಗಿದರೆ, ಹೇಳಿಕೊಳ್ಳಲು ದೊಡ್ಡವ್ವ ಇಲ್ಲ...

ಕಟ್ಟೆಗೆ ಹಾಕಿ ಉಳಿದ ಕಲ್ಲಿನ ತುಂಡನ್ನು ಏನು ಮಾಡಲಿ ಎಂದು ಮೇಸ್ತ್ರಿ ಕೇಳಿದ. ಅದರ ಮೇಲೆ ಗಂಡ ಹೆಂಡತಿ ಇಬ್ಬರ ಹೆಸರನ್ನೂ, ದೊಡ್ಡಪ್ಪ ಸತ್ತದ್ದು ಈ ನೀರಿನ ತಳದಲ್ಲೇ ಎಂಬುದನ್ನೂ ಕೆತ್ತಲು ಹೇಳಿದ್ದೇನೆ. ಪಿತೃಪಕ್ಷಕ್ಕೆ ಹೋಗಿ ದೋಣಿ ಹತ್ತುವ ಮೆಟ್ಟಿಲ ಬಳಿ ನೆಡುತ್ತೇನೆ, ಹಾಲನ್ನೂ ಬಿಡುತ್ತೇನೆ. ಕಿತ್ತೆಸೆದರೆ ಇನ್ನೊಂದು ಕೆತ್ತಿಸುತ್ತೇನೆ, ನಮ್ಮ ಕಡೆ ಕಲ್ಲಿಗೇನೂ ಬರವಿಲ್ಲ. ಅವರಿಬ್ಬರ ಹೆಸರನ್ನು ಇಲ್ಲಿ ಬೇಕೆಂದೇ ಬರೆದಿಲ್ಲ. ಮೊದಲು ಆ ದೋಣಿಯವನು ಓದಲಿ.