ಅತ್ತೆಯ ರಾಟೆಗೆ ಅಪ್ಪ ಕಟ್ಟಿದ ಮೋಟರು

ಬೇಯುವ ರೇಷ್ಮೆಗೂಡಿನ ವಾಸನೆಗೆ ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೋ ಅದು ಬಂದರೆ ಕೊಳ್ಳೇಗಾಲದ ನಮ್ಮ ಹಳೆಯ ಹಜಾರ ಕಣ್ಮುಂದೆ ನಿಲ್ಲುತ್ತದೆ. ಬಿಸಿನೀರಿನ ಬಾಣಲೆಯಲ್ಲಿ ತೇಲುವ ಗೂಡುಗಳಿಂದ ಎಳೆ ಹಿಡಿದು ಕೂತ ಅಮ್ಮ. ಆ ಎಳೆ ಸುತ್ತಿಕೊಳ್ಳುವ ರಾಟೆಯನ್ನು ಕೈಯಿಂದ ತಿರುಗಿಸುತ್ತ ದೊಡ್ಡತ್ತೆ, ಅಪ್ಪನ ಅಕ್ಕ. ಎಳೆ ತೆಳುವಾದರೆ ಅಮ್ಮ ತಲೆ ಎತ್ತುವ ಮೊದಲೇ ಅತ್ತೆಯ ಕೈ ನಿಧಾನವಾಗುತ್ತಿತ್ತು. ಗಂಡ ಸತ್ತಮೇಲೆ ತಮ್ಮನ ಮನೆ ಸೇರಿದವಳು. ಒಂದು ಬಾಣಲೆ ಗೂಡು ಮುಗಿಯದೆ ಮುದ್ದೆ ಮುಟ್ಟುತ್ತಿರಲಿಲ್ಲ. ಸಂಜೆ ಅವಳ ರಟ್ಟೆಗೆ ಹರಳೆಣ್ಣೆ ತಿಕ್ಕುವುದು ನನ್ನ ಕೆಲಸ.

ಆ ರಟ್ಟೆನೋವು ನೋಡಲಾರದೆ ಅಪ್ಪ ಗುಜರಿಯಿಂದ ಮೋಟರೊಂದನ್ನು ತಂದು, ಸೈಕಲ್ ಚೈನು ಹಾಕಿ ರಾಟೆಗೆ ಕಟ್ಟಿದ. ನಮ್ಮ ಬೀದಿಯಲ್ಲಿ ಅಂಥದ್ದು ಅದೇ ಮೊದಲು. ಜನ ನೋಡಲು ಬಂದರು. ಮೋಟರಿಗೆ ಎಳೆಯ ಗುಟ್ಟು ಗೊತ್ತಿರಲಿಲ್ಲ, ಹರಿದ ಎಳೆಗೆ ಅಮ್ಮ ದಿನವಿಡೀ ಗಂಟು ಹಾಕಬೇಕಾಯಿತು. ಅಪ್ಪ ಮಾತ್ರ ಹಿಗ್ಗಿದ್ದ. "ಇನ್ನು ಕೈಕಟ್ಕಂಡು ಕುಂತ್ಕೊ ಅಕ್ಕ," ಎಂದ. ಅತ್ತೆ ಕೂತಳು. ಮಧ್ಯಾಹ್ನ ಊಟಕ್ಕೆ ಕರೆದರೆ ಏಳಲಿಲ್ಲ. "ಉಣ್ಣಕ್ಕೆ ಇವತ್ತು ನಾನೇನ್ ಮಾಡಿವ್ನಿ ಕೂಸೆ?" ಎಂದು ನನ್ನನ್ನೇ ಕೇಳಿದಳು. ವಾರದೊಳಗೆ ಯಳಂದೂರಿನ ತಂಗಿಯ ಮನೆಗೆ ಹೊರಟುಹೋದಳು. ಅಲ್ಲಿ ರಾಟೆ ಇನ್ನೂ ಕೈಯಲ್ಲೇ ತಿರುಗುತ್ತಿತ್ತು. ಅಪ್ಪ ಎರಡು ಸಲ ಕರೆಯಲು ಹೋಗಿ ಒಬ್ಬನೇ ಹಿಂದಿರುಗಿದ.

ಇವತ್ತು ನಾಲ್ಕು ಯಂತ್ರ ಇಟ್ಟು ವ್ಯಾಪಾರ ಮಾಡುವವಳು ನಾನು. ಯಂತ್ರ ಬೇಡ ಎನ್ನುವಷ್ಟು ದಡ್ಡಿಯಲ್ಲ. ಯಂತ್ರ ಕೊಳ್ಳುವವರಿಗೆ ಒಂದು ಮಾತು ಹೇಳುತ್ತೇನೆ, ಇಟ್ಟುಕೊಳ್ಳಿ: ಚೌಕಾಸಿ ಆಮೇಲೆ ಮಾಡಿ, ಯಾರ ಕೈಗೆ ಬಿಡುವು ಕೊಡುತ್ತೀರೋ ಅವರನ್ನು ಮೊದಲು ಕೇಳಿ.

ಅತ್ತೆ ಹೋದ ವರ್ಷ ಮಳೆಗಾಲ ಕಳೆದ ಮೇಲೆ ಯಳಂದೂರಿನ ಮಾವ, ಅಂದರೆ ಆ ತಂಗಿಯ ಗಂಡ, ನಮ್ಮ ಮನೆಗೆ ಬಂದರು. "ಭಾವ, ನಮ್ಗೂ ಒಂದ್ ಮೋಟ್ರು ಕಟ್ಕೊಡಿ."

"ಅದು ಕೆಟ್ಟೋಯ್ತು ಕಣಪ್ಪ," ಎಂದ ಅಪ್ಪ. ಒಳಗೆ ಮೋಟರು ಗುರ್ ಎನ್ನುತ್ತಲೇ ಇತ್ತು.

"ಮತ್ತೆ ಅದೇನ್ ಭಾವ ಸದ್ದು?"

"ರಾಗಿ ಬೀಸ್ತಾವ್ರೆ."

ಮಾವ ಅಪ್ಪನ ಮುಖ ನೋಡಿದರು. ಕಾಫಿ ಲೋಟ ಕೆಳಗಿಟ್ಟು, "ಬೀಸ್ಲಿ ಬುಡಿ," ಎಂದು ಎದ್ದರು.

ಅಪ್ಪ, ಮಾವ ಇಬ್ಬರೂ ಈಗಿಲ್ಲ. ಅತ್ತೆ ಇರುವತನಕ ಯಳಂದೂರಿನ ಆ ಮನೆಗೆ ಮೋಟರು ಬರಲಿಲ್ಲ. ಅಷ್ಟೂ ವರ್ಷ ಅವಳು ಅಲ್ಲಿ ರಾಟೆ ತಿರುಗಿಸಿ, ರಟ್ಟೆ ನೋಯಿಸಿಕೊಂಡು, ಹೊಟ್ಟೆತುಂಬ ಉಂಡಳು.