ನೀರಿನಲ್ಲಿ ಅಲುಗುವ ಮೊಟ್ಟೆ

ಬೆಳ್ಳಾರೆ ಪೇಟೆಗೆ ಮೊದಲ ಬಸ್ಸು ಬರುವ ಮುಂಚೆಯೇ ಕುಮುದಿನಿ ಅಡುಗೆಮನೆಯ ನೆಲದಲ್ಲಿ ಅಗಲ ಬೋಗುಣಿ ಇಟ್ಟುಕೊಂಡು ಕೂತಿದ್ದಾರೆ. ಅದರಲ್ಲಿ ಉಗುರುಬೆಚ್ಚಗಿನ ನೀರು. ಕಾವಿಗೆ ಕೂತ ಹೇಂಟೆಯ ಹೊಟ್ಟೆಯಡಿಯಿಂದ ಒಂದೊಂದೇ ಮೊಟ್ಟೆ ತೆಗೆದು ನೀರಿಗೆ ಬಿಡುತ್ತಾರೆ. ಒಳಗೆ ಮರಿಗೆ ಜೀವವಿದ್ದರೆ ತೇಲುವ ಮೊಟ್ಟೆ ತಾನಾಗಿ ಅಲುಗುತ್ತದೆ. ಮೊದಲನೆಯದು ಅಲುಗುವುದಿಲ್ಲ. ಎರಡನೆಯದೂ ಇಲ್ಲ.

ಮೊಟ್ಟೆಗಳು ಜಾಲ್ಸೂರಿನ ಸಮದ್ ಅವರವು. ಅಜ್ಜಿಯ ಕಾಲದಿಂದ ಅವರ ಮನೆಯಲ್ಲಿದ್ದ ಬೋಳು ಕುತ್ತಿಗೆಯ ಕೋಳಿಗಳು ಒಳ್ಳೆಯ ತೂಕದವು, ಸಾರಿಗೆ ಹೆಸರಾದವು. ಬೀದಿನಾಯಿಗಳು ಗೂಡು ಮುರಿದು ಒಂದನ್ನೂ ಉಳಿಸಲಿಲ್ಲ. ಬುಟ್ಟಿಯಲ್ಲಿ ಉಳಿದಿದ್ದ ಒಂದು ಡಜನ್ ಮೊಟ್ಟೆಗಳನ್ನು ಸಮದ್ ಹದಿನೆಂಟು ದಿನದ ಹಿಂದೆ ಬೈಹುಲ್ಲಿನಲ್ಲಿ ಸುತ್ತಿ ಇಲ್ಲಿಗೆ ತಂದರು. ಆ ತಳಿ ಇರುವುದು ಈಗ ಇಷ್ಟರಲ್ಲೇ.

ನಿನ್ನೆ ಸಂಜೆ ಗುಡುಗಿಗೆ ಕರೆಂಟು ಹೋಯಿತು. ಆ ಮೊಟ್ಟೆಗಳನ್ನು ಕಾವಿಗಿಟ್ಟಿದ್ದ, ಬಲ್ಬು ಹಾಕಿದ ಥರ್ಮಾಕೋಲ್ ಪೆಟ್ಟಿಗೆ ತಣ್ಣಗಾಗತೊಡಗಿತು. ಕುಮುದಿನಿ ತಮ್ಮ ಎರಡು ಹೇಂಟೆಗಳ ಅಡಿಯಲ್ಲಿದ್ದ ಸ್ವಂತ ಮೊಟ್ಟೆಗಳನ್ನು ತೆಗೆದು ಪೆಟ್ಟಿಗೆಯಲ್ಲಿಟ್ಟು ಗೋಣಿ ಹೊದಿಸಿದರು. ಆ ಜಾಗಕ್ಕೆ ಸಮದ್ ಅವರದ್ದನ್ನು ಸೇರಿಸಿದರು.

"ಮನೆಯದ್ದನ್ನು ಚಳಿಗೆ ಹಾಕಿ ಊರಿನದ್ದಕ್ಕೆ ಕಾವು ಕೊಡುದು. ಇವಳದ್ದು ಹೀಗೆಯೇ" ಎನ್ನುತ್ತಾರೆ ಗಂಡ ದೇರಣ್ಣ, ಚಹಾ ಸೋಸುತ್ತ.

"ನಮ್ಮ ಕೋಳಿ ನಾಳೆಯೂ ಮೊಟ್ಟೆ ಇಡ್ತದೆ. ಅವರದ್ದು ಇಡ್ಲಿಕ್ಕೆ ಕೋಳಿಯೇ ಇಲ್ಲ."

ಕುಮುದಿನಿ ಮಾಂಸಕ್ಕೆಂದು ಊರಕೋಳಿ ಮರಿ ಮಾಡಲು ತೊಡಗಿ ಒಂಬತ್ತು ವರ್ಷವಾಯಿತು. ಮೊದಲ ಸಲ ಅಂಗಡಿಯಿಂದ ಫಾರಂ ಮೊಟ್ಟೆ ತಂದು ಪೆಟ್ಟಿಗೆಯಲ್ಲಿಟ್ಟು ಮರಿಗಾಗಿ ಕಾದಿದ್ದರು. ಹುಂಜನ ಮುಖವನ್ನೇ ನೋಡದ ಕೋಳಿಯ ಮೊಟ್ಟೆ ಒಡೆಯುವುದುಂಟೇ? ಆಮ್ಲೆಟ್ ಯಾವಾಗ ಹೊರಗೆ ಬರುತ್ತದೆ ಎಂದು ದೇರಣ್ಣ ಈಗಲೂ ಕೇಳುತ್ತಾರೆ. ಈಗ ತಿಂಗಳಿಗೆ ಇನ್ನೂರರಷ್ಟು ಮರಿ ಏಳುತ್ತವೆ. ಕಡಬ, ಕಾಣಿಯೂರಿನಿಂದಲೂ ಜನ ಬರುತ್ತಾರೆ. ಸಾಕಿದ್ದನ್ನು ತಿನ್ನಲು ಮನಸ್ಸಾಗುತ್ತದೆಯೇ ಎಂದು ಕೇಳಿದರೆ ಕುಮುದಿನಿಗೆ ನಗು. "ತಿನ್ನದೆ ಎಂತ ಮಾರಾಯ್ರೆ? ಹೆಸರು ಮಾತ್ರ ಇಡುದಿಲ್ಲ."

ಮೂರನೆಯ ಮೊಟ್ಟೆ ನೀರಿಗೆ ಬೀಳುತ್ತದೆ. ಕುಮುದಿನಿ ಕೈ ಹಿಂದೆಗೆದು ಕಾಯುತ್ತಾರೆ. ನೀರಿನ ಮೇಲೊಂದು ಸಣ್ಣ ಬಳೆಯಂಥ ಅಲೆ ಏಳುತ್ತದೆ, ಮತ್ತೊಂದು. ಮೊಟ್ಟೆ ಕತ್ತು ಹೊರಳಿಸಿದಂತೆ ವಾಲುತ್ತದೆ. ಕೊನೆಗೆ ಲೆಕ್ಕ ಹಾಕಿದರೆ ಏಳು ಮೊಟ್ಟೆಗಳಿಗೆ ಜೀವ ಉಂಟು.

ಸ್ಕೂಟರು ನಿಲ್ಲಿಸಿದ ಸಮದ್ ಬಾಗಿಲಲ್ಲೇ ನಿಂತಿದ್ದಾರೆ, ಒಳಗೆ ಬರುವ ಧೈರ್ಯವಿಲ್ಲ. ಕುಮುದಿನಿ ಏಳು ಎಂದದ್ದೇ ತಡ, ಅದರಲ್ಲಿ ಹುಂಜ ಎಷ್ಟು ಅಕ್ಕ ಎಂದು ಕೇಳುತ್ತಾರೆ.

"ಮೊದಲು ಹೊರಗೆ ಬರ್ಲಿ."

ಎಂತ ಕೊಡಬೇಕೆಂದು ಸಮದ್ ಕೇಳಿದಾಗ ಕುಮುದಿನಿ ಮೊಟ್ಟೆಗಳನ್ನು ಒರೆಸಿ ಹೇಂಟೆಯ ಅಡಿಗೆ ಸೇರಿಸುತ್ತಿದ್ದಾರೆ. ತಲೆ ಎತ್ತದೆಯೇ ಹೇಳುತ್ತಾರೆ:

"ದೊಡ್ಡದಾದ ಮೇಲೆ ಒಂದು ಜೋಡಿ ಇಲ್ಲಿ ಬಿಟ್ಟು ಹೋಗಿ. ಪುನಃ ನಾಯಿ ಬಂದ್ರೆ, ಬಂದು ಮೊಟ್ಟೆ ಕೇಳ್ಲಿಕ್ಕೆ ನಿಮಗೊಂದು ಮನೆ ಇರ್ತದೆ."